ಆಲ್ಜೀಬ್ರಾ ಪಿಎಚ್‌ಡಿಗೆ ಜರ್ಮನಿಗೆ ಬರಬೇಕಾ ಅಂತ ಕೇಳಿದ್ರಲ್ಲ

ಫೈನೈಟ್ ಗ್ರೂಪ್‌ಗಳ ರೆಪ್ರೆಸೆಂಟೇಶನ್ ಥಿಯರಿಯಲ್ಲಿ (ಸಿಮ್ಮೆಟ್ರಿಗಳ ಗ್ರೂಪನ್ನ ಮ್ಯಾಟ್ರಿಕ್ಸ್‌ಗಳಾಗಿ ಬರೆದು ನೋಡೋ ಗಣಿತ) ಪಿಎಚ್‌ಡಿ ಆಫರ್ ಬಂದಿದೆ, ಜರ್ಮನ್ ಭಾಷೆ ಬರದೆ ನಡೆಯುತ್ತಾ, ಮುಂದೆ ಇಲ್ಲೇ ಪರ್ಮನೆಂಟ್ ಆಗಬಹುದಾ, ಯಾರ ಪರಿಚಯವೂ ಇಲ್ಲದೆ ಜೊತೆಯಲ್ಲಿ ಪೇಪರ್ ಬರೆಯೋರು ಹೇಗೆ ಸಿಗ್ತಾರೆ, ಇಷ್ಟು ಕೇಳಿದ್ದೀರ. ಮೊದಲೆರಡು ಬೇಗ ಮುಗಿಸ್ತೀನಿ.

ಭಾಷೆ: ಸೆಮಿನಾರ್, ಪೇಪರ್, ಥೀಸಿಸ್ ಎಲ್ಲ ಇಂಗ್ಲಿಷ್‌ನಲ್ಲೇ ನಡೆಯುತ್ತೆ. ಆದ್ರೆ ಬ್ಯಾಚುಲರ್ ಹುಡುಗರಿಗೆ ಲೀನಿಯರ್ ಆಲ್ಜೀಬ್ರಾ ಎಕ್ಸರ್ಸೈಜ್ ಕ್ಲಾಸ್ ತಗೊಳ್ಳೋದು ಸಾಮಾನ್ಯವಾಗಿ ಜರ್ಮನ್‌ನಲ್ಲಿ, ಆ ಕೆಲಸ ಬೇಗ ಕೈಗೆ ಬಂದಷ್ಟೂ ಡಿಪಾರ್ಟ್‌ಮೆಂಟಿಗೆ ನೀವು ಬೇಕಾದವರಾಗ್ತೀರ.

ಪರ್ಮನೆಂಟ್ ವಿಷಯ ಸಕ್ಕರೆ ಹಚ್ಚಿ ಹೇಳಲ್ಲ. ಇಲ್ಲಿ ಕಾನೂನೇ ಇದೆ, ಯೂನಿವರ್ಸಿಟಿ ಟೆಂಪರರಿ ಕಾಂಟ್ರಾಕ್ಟ್‌ಗಳಿಗೆ ಸಾಮಾನ್ಯವಾಗಿ ಪಿಎಚ್‌ಡಿಗೆ ಮುಂಚೆ 6 ವರ್ಷ, ಆಮೇಲೆ 6 ವರ್ಷ, ಮಕ್ಕಳಿದ್ರೆ ಸ್ವಲ್ಪ ಹೆಚ್ಚು, ಪ್ರಾಜೆಕ್ಟ್ ದುಡ್ಡಿನ ಕೆಲಸಕ್ಕೆ ಲೆಕ್ಕ ಬೇರೆ. ಅಷ್ಟರಲ್ಲಿ ಪ್ರೊಫೆಸರ್ ಆಗಬೇಕು ಇಲ್ಲಾ ಬೇರೆ ದಾರಿ ನೋಡ್ಕೋಬೇಕು, ಮಧ್ಯದ ಖಾಯಂ ಹುದ್ದೆಗಳು ಬೆರಳೆಣಿಕೆ, ಇದ್ದ ಯೂನಿವರ್ಸಿಟಿಲೇ ಪ್ರೊಫೆಸರ್ ಮಾಡ್ಕೊಳ್ಳೋದೂ ಇಲ್ಲಿ ಅಪರೂಪ. ಹಾಗಾಗಿ ಊರು ಬದಲಾಗ್ತಾನೇ ಇರುತ್ತೆ, ನಿಮ್ಮ ಜೊತೆ ಹೊಸ ಊರಿಗೆ ಬರೋದು ನಿಮ್ಮ ಥಿಯರಮ್‌ಗಳು ಮತ್ತೆ ನಿಮ್ಮ ಸಹಲೇಖಕರು ಅಷ್ಟೇ. ಅದಕ್ಕೇ ಮೂರನೇ ಪ್ರಶ್ನೇನೇ ದೊಡ್ಡದು ಅನ್ನೋದು ನಾನು.

ಜೊತೆಗಾರರು ಯಾಕೆ ಬೇಕು ಅನ್ನೋದಕ್ಕೆ ನಿಮ್ಮದೇ ಏರಿಯಾದ ಮೆಕೇ ಕಂಜೆಕ್ಚರ್ (ಪ್ರೂಫ್ ಸಿಗೋ ಮುಂಚಿನ ಊಹೆ) ತಗೊಳ್ಳಿ. ಒಂದು ಗ್ರೂಪು, ಒಂದು ಪ್ರೈಮ್ ನಂಬರ್. ಆ ಪ್ರೈಮ್ ಯಾವ ಇರ್‌ರೆಡ್ಯೂಸಿಬಲ್ ಕ್ಯಾರೆಕ್ಟರ್‌ನ ಡಿಗ್ರಿಯನ್ನ ಭಾಗಿಸಲ್ಲವೋ ಅಂಥವನ್ನ ಎಣಿಸಿ (ಇಂಥ ಕ್ಯಾರೆಕ್ಟರ್ ಅಂದ್ರೆ ಇನ್ನು ಒಡೆಯಲಾಗದ ಒಂದು ರೆಪ್ರೆಸೆಂಟೇಶನ್‌ನ ಗುರುತು, ಡಿಗ್ರಿ ಅಂದ್ರೆ ಅದರ ಮ್ಯಾಟ್ರಿಕ್ಸ್ ಸೈಜು), ಆಮೇಲೆ ಸೈಲೋ ಸಬ್‌ಗ್ರೂಪಿನ ನಾರ್ಮಲೈಜರ್‌ನಲ್ಲೂ ಎಣಿಸಿ, ಎರಡೂ ಒಂದೇ ಬರುತ್ತೆ ಅನ್ನೋದು ಅದು (ಸೈಲೋ ಅಂದ್ರೆ ಎಲಿಮೆಂಟ್ ಸಂಖ್ಯೆ ಆ ಪ್ರೈಮ್‌ನ ಘಾತವಾಗಿರೋ ಒಳಗಿನ ಗ್ರೂಪುಗಳಲ್ಲಿ ಅತಿ ದೊಡ್ಡದು, ನಾರ್ಮಲೈಜರ್ ಅಂದ್ರೆ ಅದನ್ನ ಹಾಗೇ ಉಳಿಸೋ ಎಲಿಮೆಂಟ್‌ಗಳ ಗ್ರೂಪು). 24 ಎಲಿಮೆಂಟಿನ ಸಿಮ್ಮೆಟ್ರಿಕ್ ಗ್ರೂಪಲ್ಲಿ ಡಿಗ್ರಿಗಳು 1, 1, 2, 3, 3, ಅಂದ್ರೆ ಪ್ರೈಮ್ 2 ಆದ್ರೆ ಲೆಕ್ಕಕ್ಕೆ ಬರೋದು 4. ಅದರೊಳಗಿನ 8 ಎಲಿಮೆಂಟಿನ ಸೈಲೋ ತನಗೆ ತಾನೇ ನಾರ್ಮಲೈಜರ್, ಅಲ್ಲಿ 1, 1, 1, 1, 2, ಮತ್ತೆ 4. ನೋಡೋಕೆ ಇಷ್ಟೇ, ಆದ್ರೆ ಎಲ್ಲಾ ಗ್ರೂಪಿಗೂ ಸಾಧಿಸೋಕೆ ಅರ್ಧ ಶತಮಾನ ಹಿಡೀತು. 2007ರಲ್ಲಿ ಅಮೆರಿಕದ ಐಸಾಕ್ಸ್, ಕೈಸರ್ಸ್‌ಲಾಟರ್ನ್‌ನ ಮಾಲೆ, ವಲೆನ್ಸಿಯಾದ ನವಾರೋ ಮೂರು ಜನ ಸೇರಿ ಇದನ್ನ ಸಿಂಪಲ್ ಗ್ರೂಪ್‌ಗಳ (ಇನ್ನು ಒಡೆಯಲಾಗದ ಮೂಲ ಗ್ರೂಪುಗಳು) ಬಗೆಗಿನ ಪ್ರಶ್ನೆಯಾಗಿ ಇಳಿಸಿದ್ರು, 2016ರಲ್ಲಿ ಮಾಲೆ ಮತ್ತೆ ಬ್ರಿಟಾ ಶ್ಪೇತ್ ಪ್ರೈಮ್ 2ಕ್ಕೆ ಮುಗಿಸಿದ್ರು, 2023ರಲ್ಲಿ ಶ್ಪೇತ್ ಮತ್ತೆ ಪ್ಯಾರಿಸ್ಸಿನ ಮಾರ್ಕ್ ಕಬಾನ್ ಪೂರ್ತಿ ಪ್ರೂಫ್ ಆಯ್ತು ಅಂತ ಘೋಷಿಸಿದ್ರು. ಒಬ್ಬರಿಗೆ ಕ್ಯಾರೆಕ್ಟರ್ ಥಿಯರಿ ಕರತಲಾಮಲಕ, ಇನ್ನೊಬ್ಬರಿಗೆ ಲೀ ಟೈಪ್ ಗ್ರೂಪ್‌ಗಳು (ಸಿಂಪಲ್ ಗ್ರೂಪ್‌ಗಳ ಒಂದು ದೊಡ್ಡ ಕುಟುಂಬ), ಒಬ್ಬರೇ ಕೂತು ಆಗೋ ಕೆಲಸ ಅಲ್ಲ ಅದು.

ಇನ್ನು ಶುರು ಹೇಗೆ? "ನಿಮ್ಮ ಜೊತೆ ಕೆಲಸ ಮಾಡೋ ಆಸೆ" ಅಂತ ಮೇಲ್ ಕಳಿಸಿದ್ರೆ ಉತ್ತರ ಬರೋದು ಡೌಟು, ಒಂದು ಉದಾಹರಣೆ ಲೆಕ್ಕ ಮಾಡಿ ಕಳಿಸಿದ್ರೆ ಖಂಡಿತ ಓದ್ತಾರೆ. ಅದಕ್ಕೆ ಗ್ರೂಪುಗಳ ಲೆಕ್ಕ ಮಾಡೋ ಗ್ಯಾಪ್ (GAP) ಅನ್ನೋ ಸಾಫ್ಟ್‌ವೇರ್ ಕಲೀರಿ, 1986ರಲ್ಲಿ ಆಖೆನ್‌ನಲ್ಲಿ ಹುಟ್ಟಿದ್ದು, ಫ್ರೀ. 2000 ಆರ್ಡರ್ (ಎಲಿಮೆಂಟುಗಳ ಸಂಖ್ಯೆ) ತನಕದ ಗ್ರೂಪೆಲ್ಲ ಅದರ ಲೈಬ್ರರಿಯಲ್ಲಿವೆ, 1024 ಒಂದು ಬಿಟ್ಟು (ಆ ಒಂದು ಆರ್ಡರ್‌ನಲ್ಲೇ 4900 ಕೋಟಿಗೂ ಮೀರಿ ಗ್ರೂಪುಗಳಿವೆ, ಎಲ್ಲಿಡ್ತಾರೆ ಪಾಪ). ನನ್ನ ಸಹಲೇಖಕರೊಬ್ಬರ ಪರಿಚಯ ಆಗಿದ್ದೇ ಹೀಗೆ, ಅವರ ಪ್ರಿಪ್ರಿಂಟಿನ (ಜರ್ನಲ್‌ನಲ್ಲಿ ಬರೋ ಮುಂಚಿನ ಪೇಪರ್) ಒಂದು ಲೆಮ್ಮಾದಲ್ಲಿದ್ದ (ದೊಡ್ಡ ಪ್ರೂಫಿಗೆ ನೆರವಾಗೋ ಸಣ್ಣ ಥಿಯರಮ್) ಕಂಡೀಷನ್ ತೆಗೆದು ಸಣ್ಣ ಗ್ರೂಪ್‌ಗಳ ಮೇಲೆ ಓಡಿಸಿ ನೋಡಿದೆ, ಎಲ್ಲೂ ಮುರೀಲಿಲ್ಲ, ಎರಡು ಸಾಲು ಬರೆದು ಔಟ್‌ಪುಟ್ ಅಂಟಿಸಿ ಕಳಿಸಿದೆ, ಅವತ್ತು ರಾತ್ರಿನೇ ಉತ್ತರ ಬಂತು.

ಅವಕಾಶ ಸಿಕ್ರೆ ಬ್ಲಾಕ್ ಫಾರೆಸ್ಟಿನ ಓಬರ್‌ವೋಲ್ಫಾಖ್ ಗಣಿತ ಸಂಸ್ಥೆಯ ವರ್ಕ್‌ಶಾಪಿಗೆ ಹೋಗಿ, ಆಹ್ವಾನ ಬಂದವರಿಗೆ ಮಾತ್ರ ಅದು. ಅಲ್ಲಿ ಊಟಕ್ಕೆ ಯಾರ ಪಕ್ಕ ಯಾರು ಅನ್ನೋದನ್ನ ಹೆಸರಿರೋ ನ್ಯಾಪ್ಕಿನ್ ಕವರ್‌ಗಳನ್ನ ಕಲೆಸಿ ಇಟ್ಟು ತೀರ್ಮಾನ ಮಾಡ್ತಾರೆ, ಹಾಗಾಗಿ ನಿಮ್ಮ ಪಾಡಿಗೆ ಮೂಲೆ ಹಿಡಿದು ಕೂರೋ ಹಾಗಿಲ್ಲ, ಪಕ್ಕದಲ್ಲಿ ಕೂತಿರೋರು ನೀವು ಓದಿದ ಪುಸ್ತಕ ಬರೆದವರೇ ಆಗಿರಬಹುದು.

ಪೇಪರಲ್ಲಿ ಹೆಸರು ಅಕ್ಷರಮಾಲೆ ಪ್ರಕಾರ ಬರುತ್ತೆ, ಫಸ್ಟ್ ಆಥರ್ ಅನ್ನೋ ಜಗಳ ಇಲ್ಲಿಲ್ಲ. ಒಳ್ಳೇದೇ, ಆದ್ರೆ ಗೈಡ್ ಜೊತೆ ಬರೆದಿದ್ದರಲ್ಲಿ ನಿಮ್ಮ ಪಾಲೆಷ್ಟು ಅಂತ ಹೊರಗಿನವರಿಗೆ ಗೊತ್ತಾಗಲ್ಲ, ಹಾಗಾಗಿ ಒಂದಾದ್ರೂ ಪೇಪರ್ ನಿಮ್ಮೊಬ್ಬರದೇ ಇರಲಿ, ಮತ್ತೆ ಬೇಗ ಜರ್ನಲ್‌ಗೆ ಕಳಿಸಿ, ರೆಫರಿ (ಪೇಪರ್ ಪರಿಶೀಲಿಸೋರು) ರಿಪೋರ್ಟಿಗೆ ವರ್ಷಗಟ್ಟಲೆ ಕಾಯೋದು ನಮ್ಮ ಫೀಲ್ಡಲ್ಲಿ ಮಾಮೂಲಿ, ಕಾಂಟ್ರಾಕ್ಟ್ ಅಷ್ಟು ದಿನ ಕಾಯಲ್ಲ.

ಸಹಿ ಹಾಕೋ ಮುಂಚೆ ಆಫರ್‌ನಲ್ಲಿ ಎಷ್ಟು ಪರ್ಸೆಂಟ್ ಪೊಸಿಷನ್, ಎಷ್ಟು ವರ್ಷ ಅಂತ ನೋಡಿ, ಫುಲ್ ಟೈಮ್ ಕೆಲಸ ಮಾಡಿ ಅರ್ಧ ಪೊಸಿಷನ್ ಸಂಬಳ ತಗೊಳ್ಳೋರು ಇಲ್ಲಿದ್ದಾರೆ. ಗೈಡಿನ ರಿಸರ್ಚ್ ಗ್ರೂಪಲ್ಲಿ ಎಷ್ಟು ಜನ ಪೋಸ್ಟ್‌ಡಾಕ್ (ಪಿಎಚ್‌ಡಿ ಮುಗಿಸಿ ಸಂಶೋಧನೆ ಮಾಡ್ತಿರೋರು) ಇದ್ದಾರೆ, ಟ್ರಾವೆಲ್‌ಗೆ ದುಡ್ಡಿದೆಯಾ ಅಂತ ಗೈಡನ್ನೇ ನೇರ ಕೇಳಿ, ಅವರು ತಪ್ಪು ತಿಳ್ಕೊಳ್ಳಲ್ಲ. ಯಾವ ಯೂನಿವರ್ಸಿಟಿ ಅಂತ ನೀವು ಬರೆದಿಲ್ಲ, ಹೇಳಿದ್ರೆ ಆ ಗ್ರೂಪಿನ ಬಗ್ಗೆ ಗೊತ್ತಿರೋದು ಹೇಳ್ತೀನಿ.