ಟ್ಯಾಂಕಿನಲ್ಲಿ ಒಂದೇ ಮೂಲೆಗೆ ಗಾಳಿ ಬರುತ್ತಿದೆ, ಕೊನೆಯ ತೂತುಗಳನ್ನು ದೊಡ್ಡದು ಮಾಡಲಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಬೆಂಗಳೂರಿನ ಅಪಾರ್ಟ್‌ಮೆಂಟ್ ಎಸ್‌ಟಿಪಿಯ (ಕೊಳಚೆ ನೀರು ಶುದ್ಧ ಮಾಡುವ ಘಟಕ) ಈಕ್ವಲೈಸೇಷನ್ ಟ್ಯಾಂಕ್, ಅಂದರೆ ಬರುವ ಕೊಳಚೆ ನೀರನ್ನು ಮೊದಲು ಕೂಡಿಡುವ ಟ್ಯಾಂಕ್. ಉದ್ದ 4 ಮೀಟರ್, ಅಗಲ 3 ಮೀಟರ್, ನೀರಿನ ಆಳ 3 ಮೀಟರ್. ತಳದಲ್ಲಿ ಅಗಲದ ದಿಕ್ಕಿಗೆ 40 ಎಂಎಂ ಪಿವಿಸಿ ಪೈಪ್ ನಾಲ್ಕು ಸಾಲು, 10 ಸೆಂಟಿಮೀಟರಿಗೊಂದು 10 ಎಂಎಂ ತೂತು. ಗಾಳಿ ಊದುವ ಯಂತ್ರ, ಅಂದರೆ ಬ್ಲೋವರ್, ಗಂಟೆಗೆ 40 ಘನ ಮೀಟರ್ ಗಾಳಿ ಕೊಡುತ್ತದೆ. ಆದರೂ ಒಂದು ಮೂಲೆಯಲ್ಲಿ ಮಾತ್ರ ನೀರು ಕುದಿಯುತ್ತಿದೆ, ಉಳಿದ ಕಡೆ ಕೆಸರು ಕೂತು ಗಬ್ಬು ವಾಸನೆ. ಗಾಳಿ ತಲುಪದ ತುದಿಯ ತೂತುಗಳನ್ನು 12 ಎಂಎಂ ಮಾಡಿದರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ.

ದಯವಿಟ್ಟು ಮಾಡಬೇಡಿ. ಈಗಿರುವ ತೂತುಗಳೇ ಜಾಸ್ತಿ ದೊಡ್ಡವು.

ಲೆಕ್ಕ ನೋಡಿ. ನಿಮ್ಮ ಪೈಪಿನ ಒಳಬಾಯಿ ಹೆಚ್ಚುಕಡಿಮೆ 1,000 ಚದರ ಎಂಎಂ. ಒಂದು ಸಾಲಿನ 28 ತೂತುಗಳನ್ನು ಕೂಡಿದರೆ ಸುಮಾರು 2,200 ಚದರ ಎಂಎಂ. ಬಾಗಿಲಿಗಿಂತ ಕಿಟಕಿಗಳೇ ಎರಡು ಪಟ್ಟು ಆಯ್ತು. ಗಾಳಿಗೆ ತೂತಿನಲ್ಲಿ ಯಾವ ತಡೆಯೂ ಇಲ್ಲ. ನಿಮ್ಮ ತೂತು ದಾಟಲು ಬೇಕಾದ ಒತ್ತಡ ಅರ್ಧ ಮಿಲಿಮೀಟರ್ ಎತ್ತರದ ನೀರಿನ ಭಾರದಷ್ಟೂ ಇಲ್ಲ. ಹೀಗಿದ್ದಾಗ ಪೈಪಿನ ಒಂದು ತುದಿ ಬರೀ 1 ಸೆಂಟಿಮೀಟರ್ ಮೇಲಿದ್ದರೂ ಅಲ್ಲಿ ನೀರಿನ ಭಾರ 10 ಮಿಲಿಮೀಟರ್ ಕಡಿಮೆ. ಗಾಳಿಯೆಲ್ಲಾ ಆ ತುದಿಯಲ್ಲೇ ಹೊರಗೆ ಹೋಗುತ್ತದೆ. ತಗ್ಗಿನ ತುದಿಯಲ್ಲಿ ಪೈಪಿನೊಳಗೆ ನೀರು ನಿಂತಿರುತ್ತದೆ. ನಿಮ್ಮ ಟ್ಯಾಂಕಿನಲ್ಲಿ ಆಗಿರುವುದು ಇದೇ ಅಂತ ನನಗೆ ಅನಿಸುತ್ತದೆ.

ದೂರ ಹೋದಂತೆ ಗಾಳಿಯ ಒತ್ತಡ ಇಳಿದುಬಿಡುತ್ತದೆ ಅಂತ ಬಹಳ ಜನ ನಂಬಿದ್ದಾರೆ. ತುದಿ ಮುಚ್ಚಿದ ಗಿಡ್ಡ ಪೈಪಿನಲ್ಲಿ ನಡೆಯುವುದು ಉಲ್ಟಾ. ದಾರಿಯುದ್ದಕ್ಕೂ ಗಾಳಿ ಸೋರುತ್ತಾ ಅದರ ವೇಗ ಇಳಿಯುತ್ತದೆ, ಆ ವೇಗ ಒತ್ತಡವಾಗಿ ಬದಲಾಗಿ ಕೊನೆಯಲ್ಲಿ ಒತ್ತಡ ಚೂರು ಏರುತ್ತದೆ. ಕೆರೆಯಲ್ಲೋ ಮೀನಿನ ಹೊಂಡದಲ್ಲೋ ಉದ್ದುದ್ದ ಪೈಪ್ ಎಳೆದರೆ ಆಗ ಉಜ್ಜುವಿಕೆ ಗೆಲ್ಲುತ್ತದೆ, ಅದು ಬೇರೆ ಕತೆ. ನಿಮ್ಮ ಸಾಲುಗಳಲ್ಲಿ ಗಾಳಿಯ ವೇಗ ಸೆಕೆಂಡಿಗೆ ಎರಡು ಮೀಟರ್ ಚಿಲ್ಲರೆ. ಅದರಿಂದ ಆಗುವ ವ್ಯತ್ಯಾಸ ಒಂದು ಮಿಲಿಮೀಟರ್ ನೀರಿಗಿಂತ ಕಡಿಮೆ. ಅದಕ್ಕಾಗಿ ತೂತಿನ ಅಳತೆ ಬದಲಾಯಿಸುವುದು ಸುಮ್ನೆ ಕೆಲಸ.

ನಾನು ಪಾಲಿಸುವುದು ಒಂದೇ ನಿಯಮ. ತೂತು ದಾಟಲು ಬೇಕಾಗುವ ಒತ್ತಡ, ಬೇರೆಲ್ಲಾ ವ್ಯತ್ಯಾಸಗಳ ಹತ್ತು ಪಟ್ಟಾದರೂ ಇರಬೇಕು. ತೂತಿನಿಂದ ಬರುವ ಗಾಳಿ ಒತ್ತಡದ ವರ್ಗಮೂಲದಂತೆ ಏರಿಳಿಯುತ್ತದೆ. ಹಾಗಾಗಿ ಒತ್ತಡದಲ್ಲಿ ನೂರಕ್ಕೆ ಹತ್ತು ವ್ಯತ್ಯಾಸವಿದ್ದರೂ ಗಾಳಿಯಲ್ಲಿ ಐದೇ. ತೂತಿಗೆ 200 ಮಿಲಿಮೀಟರ್ ನೀರಿನಷ್ಟು ಒತ್ತಡ ಇಟ್ಟುಕೊಂಡರೆ, ಪೈಪ್ 2 ಸೆಂಟಿಮೀಟರ್ ಓರೆಯಾದರೂ ತೊಂದರೆ ಇಲ್ಲ. ಆ ಒತ್ತಡದಲ್ಲಿ, ನಿಮ್ಮ ಆಳದಲ್ಲಿ, 4 ಎಂಎಂ ತೂತು ಗಂಟೆಗೆ ಸುಮಾರು 1.7 ಘನ ಮೀಟರ್ ಗಾಳಿ ಬಿಡುತ್ತದೆ. 40 ಘನ ಮೀಟರಿಗೆ 24 ತೂತು ಸಾಕು, ಅಂದರೆ ಸಾಲಿಗೆ ಆರು, ಅರ್ಧರ್ಧ ಮೀಟರಿಗೊಂದು. ಇಷ್ಟೇನಾ ಅಂತ ಅನಿಸುತ್ತದೆ ಅಲ್ವಾ? ಇಷ್ಟೇ. 3 ಎಂಎಂ ಮಾಡಿ ತೂತು ಜಾಸ್ತಿ ಮಾಡಬಹುದು, ಆದರೆ ಕೊಳಚೆ ನೀರಿನಲ್ಲಿ ಅದು ಬೇಗ ಕಟ್ಟಿಕೊಳ್ಳುತ್ತದೆ. ಬ್ಲೋವರಿನ ನೇಮ್‌ಪ್ಲೇಟ್ ಮಾತ್ರ ನೋಡಿಕೊಳ್ಳಿ. ನೀರು 3 ಮೀಟರ್, ತೂತಿಗೆ 20 ಸೆಂಟಿಮೀಟರ್, ಪೈಪು ಬೆಂಡುಗಳಿಗೆ ಒಂದಿಷ್ಟು, ಎಲ್ಲಾ ಸೇರಿ ಮೂರೂವರೆ ಮೀಟರ್ ನೀರಿನಷ್ಟು ಒತ್ತಡ ಕೊಡುವ ಶಕ್ತಿ ಅದಕ್ಕಿರಬೇಕು.

ತೂತುಗಳು ಕೆಳಮುಖವಾಗಿರಲಿ, ನೇರ ಕೆಳಗೋ ಅಥವಾ ಎರಡೂ ಪಕ್ಕಕ್ಕೆ 45 ಡಿಗ್ರಿ ವಾಲಿಸಿಯೋ. ಹಾಗಿದ್ದರೆ ಬ್ಲೋವರ್ ಶುರುವಾದಾಗ ಒಳಗಿನ ನೀರು, ಕೆಸರು ಎಲ್ಲಾ ಕೆಳಗಿಂದ ಹೊರಗೆ ಹೋಗುತ್ತದೆ. ಮೇಲ್ಮುಖ ತೂತಿದ್ದರೆ ಕೆಸರು ಒಳಗೇ ಕೂತು ಗಟ್ಟಿಯಾಗುತ್ತದೆ. ಡ್ರಿಲ್ ಮಾಡಿದ ಮೇಲೆ ಒಳಗಿನ ಸಿಪ್ಪೆ ತೆಗೆಯಿರಿ.

ಈಗ ಪೈಪನ್ನು ತಳಕ್ಕೆ ಹಿಡಿದಿಡುವ ಕ್ಲಾಂಪಿನ ವಿಷಯ. ಇದನ್ನು ನಾನು ಕಣ್ಣಾರೆ ನೋಡಿ ಕಲಿತಿದ್ದು. ಒಂದು ಅಪಾರ್ಟ್‌ಮೆಂಟಿನಲ್ಲಿ 63 ಎಂಎಂ ಪೈಪ್, 4 ಮೀಟರ್ ಉದ್ದ, ಎರಡು ತುದಿಯಲ್ಲಿ ಮಾತ್ರ ಕ್ಲಾಂಪ್. ಟ್ಯೂಬ್ ಲೆವೆಲ್ (ಮಟ್ಟ ನೋಡುವ ನೀರಿನ ಕೊಳವೆ) ಹಿಡಿದು ನೋಡಿದರೆ ಕೂದಲೆಳೆಯಷ್ಟೂ ಓರೆ ಇಲ್ಲ. ಆದರೂ ಗುಳ್ಳೆ ಬರುತ್ತಿದ್ದದ್ದು ನಡುವೆ ಮಾತ್ರ. ಕೊನೆಗೆ ಪೈಪಿನ ಮೇಲೆ ಒಂದು ಗೇಣು ಒಳ್ಳೆ ನೀರು ನಿಲ್ಲಿಸಿ ಬ್ಲೋವರ್ ಹಾಕಿಸಿದೆ. ಒಳಗಿದ್ದ ನೀರು ಬುಸ್ಸನೆ ಹೊರಬಂತು. ಆಮೇಲೆ ಪೈಪಿನ ನಡುಭಾಗ ಮೆಲ್ಲಗೆ ಬಿಲ್ಲಿನ ಹಾಗೆ ಮೇಲೆದ್ದಿತು, ನಾಲ್ಕು ಬೆರಳಷ್ಟು. ಬ್ಲೋವರ್ ನಿಲ್ಲಿಸಿದರೆ ಮತ್ತೆ ನೇರ! ಗಾಳಿ ತುಂಬಿದ ಪೈಪ್ ತೇಲಲು ನೋಡುತ್ತದೆ. ಆ ಪೈಪು ಮೀಟರಿಗೆ ಮೂರು ಲೀಟರ್ ನೀರನ್ನು ಸರಿಸುತ್ತದೆ, ಅದರ ಸ್ವಂತ ತೂಕ ಒಂದು ಕಿಲೋ ಸಹ ಇಲ್ಲ. ನಿಮ್ಮದು ಸಣ್ಣ ಪೈಪ್, ಎತ್ತುವ ಬಲ ಕಡಿಮೆ, ಆದರೆ ಬಾಗುವುದೂ ಸಲೀಸು. ಮುಕ್ಕಾಲು ಮೀಟರಿಗೊಂದು ಕ್ಲಾಂಪ್ ಹಾಕಿಸಿ.

ಇನ್ನೊಂದು ವಿಷಯ ನೀವು ಬರೆದಿಲ್ಲ. ಇದೇ ಬ್ಲೋವರ್, ಬ್ಯಾಕ್ಟೀರಿಯಾ ಕೊಳಚೆ ತಿನ್ನುವ ಏರೇಷನ್ ಟ್ಯಾಂಕಿಗೂ ಗಾಳಿ ಕೊಡುತ್ತಾ? ಈಕ್ವಲೈಸೇಷನ್ ಟ್ಯಾಂಕಿನ ನೀರು ದಿನವಿಡೀ ಏರಿಳಿಯುತ್ತದೆ. ಅದು ತಗ್ಗಿದಾಗ ಗಾಳಿಯೆಲ್ಲಾ ಇಲ್ಲಿಗೇ ನುಗ್ಗಿ, ಏರೇಷನ್ ಟ್ಯಾಂಕಿನ ಬ್ಯಾಕ್ಟೀರಿಯಾ ಉಸಿರಿಲ್ಲದೆ ಸಾಯುತ್ತದೆ. ಬೇರೆ ಬ್ಲೋವರ್ ಇದ್ದರೆ ಒಳ್ಳೆಯದು. ಬ್ಲೋವರಿಂದ ಬರುವ ಪೈಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಹಾಯಿಸಿ ಆಮೇಲೆ ಇಳಿಸಿ, ಇಲ್ಲದಿದ್ದರೆ ಕರೆಂಟ್ ಹೋದಾಗ ಕೊಳಚೆ ನೀರು ಬ್ಲೋವರ್ ತನಕ ಬರುತ್ತದೆ. ನೀರಿನ ಮೇಲಿನ ಭಾಗಕ್ಕೆ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪ್ ಹಾಕಿ. ಅಲ್ಲಿ ಗಾಳಿ ಬಿಸಿ, ಪಿವಿಸಿ ಮೆತ್ತಗಾಗುತ್ತದೆ.

ಕೈಮುಗಿದು ಕೇಳುತ್ತೇನೆ, ಪೈಪ್ ಬದಲಾಯಿಸಲು ಯಾರನ್ನೂ ಹಾಗೇ ಟ್ಯಾಂಕಿಗೆ ಇಳಿಸಬೇಡಿ. ಕೆಸರು ಕಲಕಿದರೆ ಹೈಡ್ರೋಜನ್ ಸಲ್ಫೈಡ್ ಬರುತ್ತದೆ. ಅದು ಹೆಚ್ಚಾದಾಗ ಮೂಗಿಗೆ ವಾಸನೆಯೂ ಗೊತ್ತಾಗುವುದಿಲ್ಲ, ಮನುಷ್ಯ ನಿಂತಲ್ಲೇ ಬೀಳುತ್ತಾನೆ. ಉಳಿಸಲು ಇಳಿದವನೂ ಬೀಳುತ್ತಾನೆ. ಪೂರ್ತಿ ಖಾಲಿ ಮಾಡಿಸಿ, ತೊಳೆಸಿ, ಫ್ಯಾನಿನಿಂದ ಗಾಳಿಯಾಡಿಸಿ, ಗ್ಯಾಸ್ ಮೀಟರ್ ಇಟ್ಟುಕೊಂಡು, ಸುರಕ್ಷತೆಯ ಸಾಮಾನಿರುವ ತರಬೇತಾದವರಿಂದಲೇ ಮಾಡಿಸಿ. ಹೊಸ ಸಾಲುಗಳಿಗೆ ಮೇಲೆಯೇ ಒಂದೊಂದು ಯೂನಿಯನ್ (ಬಿಚ್ಚಿ ಜೋಡಿಸಬಹುದಾದ ಜೋಡಣೆ), ಒಂದೊಂದು ಬಾಲ್ ವಾಲ್ವ್ ಇಡಿಸಿ. ಸಿಮೆಂಟ್ ಕಟ್ಟೆಗೆ ಬೋಲ್ಟ್ ಹಾಕುವ ಬದಲು, ಪೈಪನ್ನು ಭಾರದ ಸ್ಟೀಲ್ ಫ್ರೇಮಿಗೆ ಕಟ್ಟಿ ಸರಪಳಿಯಲ್ಲಿ ಇಳಿಬಿಟ್ಟರೆ ಮುಂದೆ ರಿಪೇರಿಗೆ ಯಾರೂ ಇಳಿಯುವುದೇ ಬೇಡ.

ಕೆಲಸ ಮುಗಿದ ದಿನ ಕೊಳಚೆ ಬಿಡುವ ಮುಂಚೆ ಒಳ್ಳೆ ನೀರಿನಲ್ಲಿ ಪರೀಕ್ಷೆ ಮಾಡಿ. ಪೈಪಿನ ಮೇಲೆ ಒಂದು ಗೇಣು ನೀರು ಸಾಕು. ಬ್ಲೋವರ್ ಹಾಕಿ, ಮೇಲಿಂದ ಟಾರ್ಚ್ ಬಿಟ್ಟು ನೋಡಿ. ಪ್ರತಿ ಸಾಲಿನ ಎರಡೂ ತುದಿಯಲ್ಲಿ ಗುಳ್ಳೆ ಒಂದೇ ಹೊತ್ತಿಗೆ ಶುರುವಾಗಬೇಕು. ತಡವಾಗಿ ಶುರುವಾದ ತುದಿ ತಗ್ಗಿನಲ್ಲಿದೆ ಅಂತ ಅರ್ಥ. ಅಲ್ಲಿ ಕ್ಲಾಂಪಿನ ಕೆಳಗೆ ಒಂದೆರಡು ವಾಷರ್ ಕೊಟ್ಟು ಎತ್ತಿಸಿ, ಮತ್ತೆ ಹಾಕಿ ನೋಡಿ.