ಸಣ್ಣ ಕಚೇರಿಯ ಕಂಪ್ಯೂಟರ್: ಆಂಟಿವೈರಸ್‌ಗಿಂತ ಮೊದಲು ನೋಡಬೇಕಾದದ್ದು

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಐದು ಜನರ ವ್ಯಾಪಾರ, ಮೂರು ಕಂಪ್ಯೂಟರ್, ಎಲ್ಲರಿಗೂ ಸೇರಿ ಒಂದೇ ಜಿಮೇಲ್ ಖಾತೆ. ದುಡ್ಡು ಕೊಟ್ಟು ಆಂಟಿವೈರಸ್ ಕೊಳ್ಳಬೇಕೇ, ಬ್ರೌಸರಿನ ಇನ್‌ಕಾಗ್ನಿಟೋ ಎಂಬ ಖಾಸಗಿ ಕಿಟಕಿಯಲ್ಲಿ ಕೆಲಸ ಮಾಡಿದರೆ ಗೌಪ್ಯತೆ ಉಳಿಯುತ್ತದೆಯೇ ಎಂದು ಕೇಳಿದ್ದೀರಿ. ಆ ಖಾತೆಯನ್ನು ತೆರೆದುಕೊಟ್ಟ ಸಹೋದ್ಯೋಗಿ ಮುಂದಿನ ತಿಂಗಳು ಕೆಲಸ ಬಿಡುತ್ತಿದ್ದಾರೆ ಎಂದು ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೀರಿ. ನನಗೆ ಕಳವಳವಾದದ್ದು ಆ ಒಂದು ಸಾಲನ್ನು ಓದಿ. ಸಣ್ಣ ಕಚೇರಿಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಅವು ಎಲ್ಲಿ ಎಡವುತ್ತವೆ ಎಂದು ಹತ್ತಿರದಿಂದ ಕಂಡಿರುವುದರಿಂದ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ.

ಆಂಟಿವೈರಸ್ ಮಾತನ್ನು ಮೊದಲು ಮುಗಿಸಿಬಿಡೋಣ. ವಿಂಡೋಸ್ ಜೊತೆಯಲ್ಲೇ ಬರುವ ಡಿಫೆಂಡರ್ ನಿಮ್ಮ ಮಟ್ಟಿಗೆ ಸಾಕು, ಬೇರೆಯದಕ್ಕೆ ಹಣ ಕೊಡಬೇಡಿ. ಆದರೆ ಅಪ್‌ಡೇಟ್ ಕೇಳಿದಾಗಲೆಲ್ಲ ‘ಆಮೇಲೆ’ ಎಂದು ಒತ್ತುವ ಅಭ್ಯಾಸವಿದ್ದರೆ ಯಾವ ಆಂಟಿವೈರಸ್ಸೂ ಕಾಪಾಡುವುದಿಲ್ಲ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಕುತಂತ್ರಾಂಶ ಹತ್ತಾರು ದೇಶಗಳಲ್ಲಿ ಕಂಪ್ಯೂಟರುಗಳ ಕಡತಗಳಿಗೆ ಬೀಗ ಜಡಿದು, ಬಿಡಿಸಿಕೊಳ್ಳಲು ಹಣ ಕೇಳಿತು. ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಬಿಡುಗಡೆ ಮಾಡಿತ್ತು. ಎರಡು ತಿಂಗಳ ಕಾಲಾವಕಾಶವಿದ್ದೂ ಹಾಕಿಕೊಳ್ಳದವರು ಸಿಕ್ಕಿಬಿದ್ದರು. ನಿಮ್ಮ ಮೂರರಲ್ಲಿ ಯಾವುದಾದರೂ ಇನ್ನೂ ವಿಂಡೋಸ್ 10ರಲ್ಲಿ ಓಡುತ್ತಿದ್ದರೆ, ಅದಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆಂಟಿವೈರಸ್‌ಗೆಂದು ಎತ್ತಿಟ್ಟ ಹಣವನ್ನು ಆ ಯಂತ್ರ ಬದಲಿಸುವುದಕ್ಕೆ ಬಳಸಿ.

ಈಗ ಆ ಜಿಮೇಲ್ ಖಾತೆಯ ವಿಷಯ. ನಿಮ್ಮ ವ್ಯಾಪಾರದ ಬೀಗದ ಕೈಗಳೆಲ್ಲ ಆ ಒಂದು ಅಂಚೆಪೆಟ್ಟಿಗೆಯಲ್ಲಿವೆ. ಬ್ಯಾಂಕಿನ ಪುಟ, ನಿಮ್ಮ ವೆಬ್‌ಸೈಟಿನ ಹೆಸರಿನ ನೋಂದಣಿ, ಲೆಕ್ಕ ಬರೆಯುವ ತಂತ್ರಾಂಶ, ಸಾಮಾಜಿಕ ಜಾಲತಾಣದ ಪುಟ, ಇವುಗಳಲ್ಲಿ ಯಾವುದರ ಪಾಸ್‌ವರ್ಡ್ ಮರೆತರೂ ಹೊಸದನ್ನು ಮಾಡಿಕೊಳ್ಳುವ ಕೊಂಡಿ ಸಾಮಾನ್ಯವಾಗಿ ಬರುವುದು ಅಲ್ಲಿಗೇ. ಅಂಚೆಪೆಟ್ಟಿಗೆ ಬೇರೆಯವರ ಕೈಸೇರಿದರೆ ಉಳಿದವನ್ನು ಅವರು ಮುರಿಯಬೇಕಾಗಿಲ್ಲ, ‘ಪಾಸ್‌ವರ್ಡ್ ಮರೆತಿದ್ದೇನೆ’ ಎಂದು ಒತ್ತುತ್ತಾ ಹೋದರೆ ಸಾಕು.

ನಾನು ಕಣ್ಣಾರೆ ಕಂಡ ಒಂದು ಪ್ರಸಂಗ ಹೇಳುತ್ತೇನೆ. ನಾಲ್ಕು ಜನರ ಕಚೇರಿಯೊಂದರಿಂದ ಒಂದು ಬೆಳಿಗ್ಗೆ ಕರೆ ಬಂತು. ಅವರ ಹಳೆಯ ಗ್ರಾಹಕರೊಬ್ಬರು ಫೋನ್ ಮಾಡಿ, ‘ನೀವು ಮೇಲ್‌ನಲ್ಲಿ ಕಳಿಸಿದ ಹೊಸ ಖಾತೆ ಸಂಖ್ಯೆಗೆ ಹಣ ಹಾಕಿದ್ದೇವೆ, ತಲುಪಿತೇ?’ ಎಂದು ಕೇಳಿದ್ದರಂತೆ. ಇವರು ಯಾವ ಹೊಸ ಸಂಖ್ಯೆಯನ್ನೂ ಕಳಿಸಿರಲಿಲ್ಲ. ನಾನು ಹೋಗುವಷ್ಟರಲ್ಲಿ ಮಾಲೀಕರು ಪಾಸ್‌ವರ್ಡ್ ಬದಲಿಸಿ, ಎಲ್ಲ ಕಂಪ್ಯೂಟರುಗಳಲ್ಲೂ ಆಂಟಿವೈರಸ್ ಓಡಿಸಿ ಮುಗಿಸಿದ್ದರು. ಏನೂ ಸಿಕ್ಕಿರಲಿಲ್ಲ. ಸಿಗುವಂತೆಯೂ ಇರಲಿಲ್ಲ, ಏಕೆಂದರೆ ಕಂಪ್ಯೂಟರಿನೊಳಗೆ ಯಾರೂ ಬಂದಿರಲೇ ಇಲ್ಲ.

ಜಿಮೇಲ್‌ನ ಸೆಟ್ಟಿಂಗ್ಸ್ ತೆರೆದು ಫಿಲ್ಟರ್‌ಗಳ ಪುಟಕ್ಕೆ ಹೋದೆ. ಅಲ್ಲಿ ಒಂದೇ ಒಂದು ಸಾಲು ಇತ್ತು. ‘ಇನ್‌ವಾಯ್ಸ್’ ಅಥವಾ ‘ಪೇಮೆಂಟ್’ ಎಂಬ ಪದವಿರುವ ಪತ್ರ ಬಂದರೆ ಇನ್‌ಬಾಕ್ಸಿಗೆ ತರಬೇಡ, ಓದಿದ್ದೆಂದು ಗುರುತು ಹಾಕು, ಇಂಥ ವಿಳಾಸಕ್ಕೆ ಒಂದು ಪ್ರತಿ ಕಳಿಸು. ಮಾಲೀಕರು ಆ ಸಾಲನ್ನು ಓದಿ ಬಹಳ ಹೊತ್ತು ಮಾತಾಡಲಿಲ್ಲ. ಪಾಸ್‌ವರ್ಡ್ ಎಷ್ಟು ಸಲ ಬದಲಿಸಿದರೂ ಆ ಫಿಲ್ಟರ್ ತನ್ನ ಕೆಲಸವನ್ನು ಮಾಡುತ್ತಲೇ ಇರುತ್ತಿತ್ತು. ಹೊರಗೆ ಎಲ್ಲೋ ಕೂತವರು ಇವರ ಬಿಲ್ಲುಗಳನ್ನೆಲ್ಲ ಓದಿಕೊಂಡು, ಹಣ ಬರಬೇಕಾದ ಹೊತ್ತಿಗೆ ಸರಿಯಾಗಿ ಗ್ರಾಹಕರಿಗೆ ಪತ್ರ ಬರೆದಿದ್ದರು. ಆ ಪತ್ರ ಬಂದ ವಿಳಾಸವನ್ನು ಗ್ರಾಹಕರಿಂದ ತರಿಸಿ ದೊಡ್ಡ ಅಕ್ಷರದಲ್ಲಿ ನೋಡಿದೆವು. ಇಂಗ್ಲಿಷಿನ ‘ಎಂ’ ಇರಬೇಕಾದ ಜಾಗದಲ್ಲಿ ‘ಆರ್’ ಮತ್ತು ‘ಎನ್’ ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು. ಪರದೆಯ ಮೇಲೆ ಓಡುವ ಕಣ್ಣಿಗೆ ಅದು ತಿಳಿಯುವುದೇ ಇಲ್ಲ. ಒಳಗೆ ಬಂದದ್ದು ಹೇಗೆ ಎಂದರೆ, ಅವರು ಬೇರೊಂದು ಜಾಲತಾಣದಲ್ಲೂ ಅದೇ ಪಾಸ್‌ವರ್ಡ್ ಇಟ್ಟಿದ್ದರು. ಆ ತಾಣದ ಮಾಹಿತಿ ಹಿಂದೆಂದೋ ಸೋರಿಕೆಯಾಗಿತ್ತು.

ಹಾಗಾಗಿ ನಿಮ್ಮ ಮೊದಲ ಕೆಲಸ ಇದು. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಬಲಗಡೆ ಮೇಲಿರುವ ಹಲ್ಲುಚಕ್ರದ ಗುರುತನ್ನು ಒತ್ತಿ, ಎಲ್ಲ ಸೆಟ್ಟಿಂಗ್ಸ್ ನೋಡುವ ಆಯ್ಕೆಗೆ ಹೋಗಿ. ಫಿಲ್ಟರ್‌ಗಳ ಪುಟ, ಫಾರ್ವರ್ಡಿಂಗ್ ಪುಟ, ಎರಡನ್ನೂ ನೋಡಿ. ನೀವು ಹಾಕದ ಸಾಲು ಒಂದಿದ್ದರೂ ಅದರ ಚಿತ್ರ ತೆಗೆದಿಟ್ಟುಕೊಂಡು ಅಳಿಸಿ. ಇನ್‌ಬಾಕ್ಸಿನ ಕೆಳಗೆ ಬಲ ಮೂಲೆಯಲ್ಲಿ ಖಾತೆಯ ಕೊನೆಯ ಚಟುವಟಿಕೆ ಎಂಬ ಸಣ್ಣ ಅಕ್ಷರದ ಸಾಲಿದೆ. ಅದರ ವಿವರ ತೆರೆದರೆ ಖಾತೆಯನ್ನು ಇತ್ತೀಚೆಗೆ ಎಲ್ಲಿಂದ, ಯಾವಾಗ ತೆರೆಯಲಾಗಿದೆ ಎಂಬುದು ಕಾಣುತ್ತದೆ. ನಿಮ್ಮ ವಿಳಾಸ ಯಾವುದಾದರೂ ಸೋರಿಕೆಯಲ್ಲಿ ಸಿಕ್ಕಿದೆಯೇ ಎಂದು ತಿಳಿಯಲು ಭದ್ರತಾ ತಜ್ಞ ಟ್ರಾಯ್ ಹಂಟ್ 2013ರಲ್ಲಿ ಆರಂಭಿಸಿದ ‘ಹ್ಯಾವ್ ಐ ಬೀನ್ ಪ್ವ್ನ್‌ಡ್’ ಎಂಬ ತಾಣವಿದೆ. ಅಲ್ಲಿ ಮೇಲ್ ವಿಳಾಸ ಕೊಟ್ಟರೆ ಸಾಕು.

ಹಣದ ವಿಷಯದಲ್ಲಿ ಒಂದು ನಿಯಮವನ್ನು ನಿಮ್ಮ ಐದೂ ಜನರಿಗೆ ಹೇಳಿ. ಖಾತೆ ಸಂಖ್ಯೆ ಬದಲಾಗಿದೆ ಎಂದು ಯಾರಿಂದ ಪತ್ರ ಬಂದರೂ, ಎಷ್ಟೇ ಪರಿಚಿತರಾಗಿದ್ದರೂ, ಫೋನ್ ಮಾಡಿ ಕೇಳಿದ ಮೇಲೆಯೇ ಹಣ ಹಾಕಬೇಕು. ಫೋನ್ ಸಂಖ್ಯೆಯನ್ನು ಆ ಪತ್ರದಿಂದ ತೆಗೆದುಕೊಳ್ಳಬಾರದು, ನಿಮ್ಮ ಹಳೆಯ ಪುಸ್ತಕದಲ್ಲಿರುವ ಸಂಖ್ಯೆಗೇ ಮಾಡಬೇಕು. ಎರಡು ನಿಮಿಷದ ಕೆಲಸ. ಆ ಕಚೇರಿಯ ಗ್ರಾಹಕರು ಅದನ್ನು ಮಾಡಿದ್ದರೆ ಹಣ ಉಳಿಯುತ್ತಿತ್ತು.

ಪಾಸ್‌ವರ್ಡ್ ಬಗ್ಗೆ ಹಳೆಯ ಉಪದೇಶವೊಂದನ್ನು ಕೈಬಿಡಿ. ತಿಂಗಳಿಗೊಮ್ಮೆ ಬದಲಿಸಿ, ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ಚಿಹ್ನೆ ಹಾಕಿ ಎಂದೆಲ್ಲ ಹೇಳುತ್ತಿದ್ದರು. ಜನ ಕೊನೆಯ ಅಂಕಿಯನ್ನು ಒಂದೊಂದೇ ಏರಿಸುತ್ತಾ, ಚೀಟಿಯಲ್ಲಿ ಬರೆದು ಪರದೆಗೆ ಅಂಟಿಸುತ್ತಿದ್ದರು. ಅಮೆರಿಕದ ಮಾನಕ ಸಂಸ್ಥೆಯಾದ ನಿಸ್ಟ್ 2017ರಲ್ಲಿ ತನ್ನ ಮಾರ್ಗಸೂಚಿಯನ್ನೇ ಬದಲಿಸಿ, ಸೋರಿಕೆಯ ಸುಳಿವಿಲ್ಲದೆ ಸುಮ್ಮನೆ ಬದಲಿಸಲು ಒತ್ತಾಯಿಸಬಾರದು, ಉದ್ದವೇ ಮುಖ್ಯ ಎಂದಿತು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಪೋಣಿಸಿ. ಏಣಿ, ಮಿಂಚು, ಗುಬ್ಬಚ್ಚಿ, ಸುತ್ತಿಗೆ, ಹೊಗೆ, ಹೀಗೆ. ಇವನ್ನೇ ಇಡಬೇಡಿ, ನಿಘಂಟನ್ನು ಕಣ್ಣುಮುಚ್ಚಿ ತೆರೆದು ನಿಮ್ಮವನ್ನು ಆರಿಸಿಕೊಳ್ಳಿ. ಉಳಿದ ನೂರಾರು ತಾಣಗಳ ಪಾಸ್‌ವರ್ಡ್‌ಗಳನ್ನು ಬಿಟ್‌ವಾರ್ಡನ್, ಕೀಪಾಸ್‌ನಂತಹ ಪಾಸ್‌ವರ್ಡ್ ಮ್ಯಾನೇಜರ್ ತಾನೇ ಹುಟ್ಟಿಸಿ ನೆನಪಿಟ್ಟುಕೊಳ್ಳಲಿ. ಅದರಲ್ಲಿ ಇನ್ನೊಂದು ಲಾಭವಿದೆ. ಬ್ರೌಸರಿಗೆ ಜೋಡಿಸಿಕೊಂಡರೆ ಅದು ತಾಣದ ವಿಳಾಸವನ್ನು ಅಕ್ಷರ ಅಕ್ಷರವಾಗಿ ನೋಡುತ್ತದೆ, ನಮ್ಮ ಕಣ್ಣಿನಂತೆ ‘ಆರ್-ಎನ್’ ಕಂಡು ‘ಎಂ’ ಎಂದುಕೊಳ್ಳುವುದಿಲ್ಲ. ನಿಮ್ಮ ಬ್ಯಾಂಕಿನ ಪುಟದಲ್ಲಿ ಅದು ಪಾಸ್‌ವರ್ಡ್ ತುಂಬಲು ಮುಂದೆ ಬರದಿದ್ದರೆ ಕೈಯಿಂದ ಬರೆಯಹೋಗಬೇಡಿ, ಮೊದಲು ವಿಳಾಸ ನೋಡಿ.

ಜಿಮೇಲ್‌ಗೆ ಎರಡು ಹಂತದ ಪರಿಶೀಲನೆಯನ್ನೂ, ಅಂದರೆ ಪಾಸ್‌ವರ್ಡ್ ಜೊತೆಗೆ ಇನ್ನೊಂದು ಸಂಖ್ಯೆಯನ್ನೂ ಕೇಳುವ ವ್ಯವಸ್ಥೆಯನ್ನು, ಇಂದೇ ಹಾಕಿ. ಸಂದೇಶದಲ್ಲಿ ಬರುವ ಸಂಖ್ಯೆಗಿಂತ, 30 ಸೆಕೆಂಡಿಗೊಮ್ಮೆ ಹೊಸ ಸಂಖ್ಯೆ ತೋರಿಸುವ ಅಥೆಂಟಿಕೇಟರ್ ಆ್ಯಪ್ ಮೇಲು, ಏಕೆಂದರೆ ಮೊಬೈಲ್ ಸಂಖ್ಯೆಯನ್ನು ಮೋಸದಿಂದ ಬೇರೆ ಸಿಮ್‌ಗೆ ವರ್ಗಾಯಿಸಿಕೊಳ್ಳುವವರಿದ್ದಾರೆ. ಗೂಗಲ್ ಕೊಡುವ 10 ಬ್ಯಾಕಪ್ ಸಂಖ್ಯೆಗಳನ್ನು ಕಾಗದದಲ್ಲಿ ಮುದ್ರಿಸಿ ಕಪಾಟಿನಲ್ಲಿ ಬೀಗ ಹಾಕಿಡಿ. ಒಂದೊಂದೂ ಒಂದೇ ಸಲ ನಡೆಯುತ್ತದೆ. ಫೋನ್ ಕಳೆದುಹೋದ ದಿನ ಅದರ ಬೆಲೆ ತಿಳಿಯುತ್ತದೆ.

ಹಾಗಾದರೆ ಐದು ಜನ ಒಂದೇ ಪೆಟ್ಟಿಗೆಯನ್ನು ಹೇಗೆ ನೋಡುವುದು? ಪಾಸ್‌ವರ್ಡ್ ಹಂಚದೆಯೇ ಅದಕ್ಕೆ ದಾರಿಯಿದೆ. ಜಿಮೇಲ್ ಸೆಟ್ಟಿಂಗ್ಸ್‌ನ ಖಾತೆಗಳ ಪುಟದಲ್ಲಿ, ನಿಮ್ಮ ಖಾತೆಗೆ ಬೇರೆಯವರಿಗೆ ಪ್ರವೇಶ ಕೊಡುವ ಆಯ್ಕೆ ಇದೆ. 10 ಜನರವರೆಗೆ ಸೇರಿಸಬಹುದು. ಪ್ರತಿಯೊಬ್ಬರೂ ತಮ್ಮ ತಮ್ಮ ಜಿಮೇಲ್‌ನಿಂದ ಒಳಗೆ ಬಂದು ಕಚೇರಿಯ ಪತ್ರ ಓದಬಹುದು, ಉತ್ತರಿಸಬಹುದು, ಆದರೆ ಪಾಸ್‌ವರ್ಡ್ ಬದಲಿಸಲಾರರು. ಯಾರಾದರೂ ಕೆಲಸ ಬಿಟ್ಟರೆ ಅವರೊಬ್ಬರ ಹೆಸರನ್ನು ತೆಗೆದರಾಯಿತು, ಉಳಿದ ನಾಲ್ವರಿಗೆ ಏನೂ ತೊಂದರೆಯಿಲ್ಲ. ಇಷ್ಟು ಉಪಯೋಗದ ಸೌಲಭ್ಯ ಇದ್ದೂ ನಾನು ಹೋದ ಕಚೇರಿಗಳಲ್ಲಿ ಇದನ್ನು ಬಲ್ಲವರು ತೀರ ಕಡಿಮೆ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

ವಿಂಡೋಸ್‌ನಲ್ಲಿ ಒಂದು ಸಣ್ಣ ಬದಲಾವಣೆ ಮಾಡಿ. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಪಟ್ಟಿಯಲ್ಲಿ ಫೈಲ್ ಎಕ್ಸ್‌ಟೆನ್ಶನ್ ತೋರಿಸುವ ಆಯ್ಕೆ ಇದೆ, ಅದನ್ನು ಆನ್ ಮಾಡಿ. ವಿಂಡೋಸ್ ತಾನಾಗಿ ಕಡತದ ಹೆಸರಿನ ಬಾಲವನ್ನು ಮುಚ್ಚಿಡುತ್ತದೆ. ಕೊನೆಯಲ್ಲಿ ‘ಇಎಕ್ಸ್‌ಇ’ ಇದ್ದರೆ ಅದು ತೆರೆದ ಕೂಡಲೇ ಓಡುವ ತಂತ್ರಾಂಶ. ಆದರೆ ‘ಬಿಲ್.ಪಿಡಿಎಫ್.ಇಎಕ್ಸ್‌ಇ’ ಎಂಬ ಕಡತ ಬರೀ ‘ಬಿಲ್.ಪಿಡಿಎಫ್’ ಎಂದು ಕಾಣುತ್ತದೆ, ಮೇಲೆ ಪಿಡಿಎಫ್‌ನ ಚಿತ್ರವನ್ನೂ ಅಂಟಿಸಿರುತ್ತಾರೆ. 2000ನೇ ಇಸವಿಯ ಮೇ ತಿಂಗಳಲ್ಲಿ ಜಗತ್ತನ್ನು ಸುತ್ತಿದ ‘ಐ ಲವ್ ಯೂ’ ವೈರಸ್ ಗೆದ್ದದ್ದು ಇದೇ ಉಪಾಯದಿಂದ. ಪ್ರೇಮಪತ್ರದ ಪಠ್ಯ ಕಡತದಂತೆ ಕಾಣುತ್ತಿದ್ದ ಅದರ ಕೊನೆಯಲ್ಲಿ ‘ವಿಬಿಎಸ್’ ಎಂಬ ಮೂರು ಅಕ್ಷರ ಅಡಗಿತ್ತು, ಅದೂ ತೆರೆದರೆ ಓಡುವ ಕಡತದ ಗುರುತೇ.

ಕಡತಗಳ ಬ್ಯಾಕಪ್ ಪ್ರತಿಗಳ ವಿಷಯಕ್ಕೆ ಬಂದರೆ, ಎಲ್ಲವೂ ಗೂಗಲ್ ಡ್ರೈವ್‌ನಲ್ಲಿದೆ ಎಂದು ಬರೆದಿದ್ದೀರಿ. ಕಂಪ್ಯೂಟರಿನ ಜೊತೆ ತಾನಾಗಿ ಹೊಂದಿಕೊಳ್ಳುವ ಫೋಲ್ಡರ್ ಅದು. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ, ಇಲ್ಲಿ ಕೆಟ್ಟರೆ ಅಲ್ಲೂ ಕೆಡುತ್ತದೆ. ಡ್ರೈವ್‌ನ ಕಸದ ಬುಟ್ಟಿ 30 ದಿನಕ್ಕೆ ಖಾಲಿಯಾಗುತ್ತದೆ. ಎರಡು ತಿಂಗಳ ಹಿಂದೆ ಯಾರೋ ಅಳಿಸಿದ ಲೆಕ್ಕದ ಕಡತವನ್ನು ಇವತ್ತು ಹುಡುಕಿದರೆ ಸಿಗದು. ಎರಡು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕೊಳ್ಳಿ. ಒಂದು ವಾರ ಒಂದಕ್ಕೆ, ಮರುವಾರ ಇನ್ನೊಂದಕ್ಕೆ ಪ್ರತಿ ತೆಗೆಯಿರಿ, ಮುಗಿದ ಕೂಡಲೇ ತಂತಿ ಕಳಚಿ, ಒಂದನ್ನು ಕಚೇರಿಯ ಹೊರಗೆ ಬೇರೆ ಕಡೆ ಇಡಿ. ವನ್ನಾಕ್ರೈನಂಥದ್ದು ಬಂದಾಗ ಕಂಪ್ಯೂಟರಿಗೆ ಸಿಕ್ಕಿಸಿಟ್ಟ ಡಿಸ್ಕ್‌ನ ಕಡತಗಳಿಗೂ ಬೀಗ ಬೀಳುತ್ತದೆ. ತಿಂಗಳಿಗೊಮ್ಮೆ ಆ ಡಿಸ್ಕ್‌ನಿಂದ ಯಾವುದಾದರೂ ಒಂದು ಹಳೆಯ ಕಡತ ತೆರೆದು ನೋಡಿ. ವರ್ಷಗಟ್ಟಲೆ ಖಾಲಿ ಫೋಲ್ಡರನ್ನೇ ನಕಲು ಮಾಡುತ್ತಿದ್ದ ಕಚೇರಿಯನ್ನು ನಾನು ಕಂಡಿದ್ದೇನೆ.

ಇನ್‌ಕಾಗ್ನಿಟೋ ನೀವು ಅಂದುಕೊಂಡ ಕೆಲಸ ಮಾಡುವುದಿಲ್ಲ. ಕಿಟಕಿ ಮುಚ್ಚಿದ ಮೇಲೆ ಆ ಕಂಪ್ಯೂಟರಿನಲ್ಲಿ ಚರಿತ್ರೆ ಉಳಿಯದು, ಅಷ್ಟೇ. ನೀವು ಹೋದ ತಾಣಕ್ಕೆ ನೀವು ಬಂದದ್ದು ತಿಳಿಯುತ್ತದೆ, ನೀವು ಯಾವ ತಾಣಕ್ಕೆ ಹೋದಿರೆಂದು ಇಂಟರ್ನೆಟ್ ಒದಗಿಸುವವರಿಗೂ ತಿಳಿಯಬಹುದು. ಇದೇ ವಿಷಯಕ್ಕೆ 2020ರಲ್ಲಿ ಅಮೆರಿಕದಲ್ಲಿ ಗೂಗಲ್ ಮೇಲೆ ಮೊಕದ್ದಮೆ ಹೂಡಲಾಗಿತ್ತು, 2024ರ ರಾಜಿಯಲ್ಲಿ ಅದು ಕೂಡಿಟ್ಟ ಬಹಳಷ್ಟು ಮಾಹಿತಿಯನ್ನು ಅಳಿಸಲು ಒಪ್ಪಿತು. ಬೇರೆಯವರ ಕಂಪ್ಯೂಟರಿನಲ್ಲಿ ನಿಮ್ಮ ಖಾತೆ ತೆರೆಯಬೇಕಾದಾಗ ಮಾತ್ರ ಇನ್‌ಕಾಗ್ನಿಟೋ ಒಳ್ಳೆಯದು.

ಗೌಪ್ಯತೆ ಎಂದರೆ ನೀವು ನಿಮ್ಮದನ್ನಷ್ಟೇ ಯೋಚಿಸುತ್ತಿದ್ದೀರಿ ಅನಿಸಿತು. ನಿಮ್ಮನ್ನು ನಂಬಿ ಹೆಸರು, ವಿಳಾಸ, ಫೋನ್ ಸಂಖ್ಯೆ ಕೊಟ್ಟ ಗ್ರಾಹಕರ ಗೌಪ್ಯತೆಯೂ ನಿಮ್ಮ ಕೈಯಲ್ಲೇ ಇದೆ, ನನಗೆ ಅದು ಹೆಚ್ಚು ಮುಖ್ಯ. ಎಲ್ಲ ಗ್ರಾಹಕರಿಗೂ ಒಟ್ಟಿಗೆ ಪತ್ರ ಕಳಿಸುವಾಗ ವಿಳಾಸಗಳನ್ನು ಬಿಸಿಸಿಯಲ್ಲಿ, ಅಂದರೆ ಉಳಿದವರಿಗೆ ಕಾಣದ ವಿಳಾಸದ ಸಾಲಿನಲ್ಲಿ ಹಾಕಿ, ಇಲ್ಲದಿದ್ದರೆ ನಿಮ್ಮ ಗ್ರಾಹಕರ ಪಟ್ಟಿ ಪ್ರತಿಯೊಬ್ಬರ ಕೈಗೂ ಹೋಗುತ್ತದೆ. ಡ್ರೈವ್‌ನಲ್ಲಿ ಕೊಂಡಿ ಇರುವ ಯಾರಾದರೂ ನೋಡಬಹುದು ಎಂದು ಇಟ್ಟ ಕಡತಗಳನ್ನು ಒಮ್ಮೆ ಪರಿಶೀಲಿಸಿ. ಎಕ್ಸೆಲ್‌ನಲ್ಲಿ ಅಡಗಿಸಿದ ಕಾಲಂ ಅಳಿಸಿದ ಕಾಲಂ ಅಲ್ಲ. ನನಗೊಮ್ಮೆ ಒಂದು ದರಪಟ್ಟಿ ಬಂದಿತ್ತು. ಬಿ ಆದ ಮೇಲೆ ನೇರವಾಗಿ ಇ ಕಂಡಿತು, ನಡುವಿನ ಗೆರೆಯನ್ನು ಎಳೆದರೆ ಅವರ ಖರೀದಿ ದರ, ಲಾಭ ಎಲ್ಲವೂ ತೆರೆದುಕೊಂಡವು. ಅವರಿಗೆ ತಿಳಿಸಿ ನನ್ನ ಪ್ರತಿಯನ್ನು ಅಳಿಸಿದೆ. ಹೊರಗೆ ಕಳಿಸುವ ಪಟ್ಟಿಯನ್ನು ಪಿಡಿಎಫ್ ಮಾಡಿಯೇ ಕಳಿಸಿ.

ಕೊನೆಗೆ, ಕೆಲಸ ಬಿಡುತ್ತಿರುವ ಸಹೋದ್ಯೋಗಿಯ ವಿಷಯ. ಅವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಆದರೆ ಖಾತೆಯನ್ನು ತೆರೆದವರು ಅವರಾದ್ದರಿಂದ, ಮರಳಿ ಪಡೆಯುವ ಫೋನ್ ಸಂಖ್ಯೆಯಾಗಿ ಅವರ ಸ್ವಂತ ಮೊಬೈಲ್ ಸಂಖ್ಯೆಯೇ ಇರುವ ಸಾಧ್ಯತೆ ಹೆಚ್ಚು. ಹಾಗಿದ್ದರೆ ಗೂಗಲ್‌ನ ಲೆಕ್ಕದಲ್ಲಿ ಆ ಖಾತೆಗೆ ಹಕ್ಕುದಾರರು ಅವರೇ. ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ಗೂಗಲ್ ಖಾತೆಯ ಭದ್ರತೆಯ ಪುಟದಲ್ಲಿ ಮರಳಿ ಪಡೆಯುವ ಫೋನ್ ಮತ್ತು ಮೇಲ್ ವಿಳಾಸ ನಿಮ್ಮದನ್ನು ಹಾಕಿ. ನಂತರ ಪಾಸ್‌ವರ್ಡ್ ಬದಲಿಸಿ. ಸಾಧನಗಳ ಪಟ್ಟಿಯಲ್ಲಿ ಅವರ ಫೋನ್ ಇದ್ದರೆ ಅಲ್ಲಿಂದಲೇ ಸೈನ್ ಔಟ್ ಮಾಡಿ. ಅಂಚೆಪೆಟ್ಟಿಗೆಯಲ್ಲಿ ‘ವೆಲ್‌ಕಮ್’, ‘ವೆರಿಫೈ’ ಎಂದು ಹುಡುಕಿದರೆ ಇಷ್ಟು ವರ್ಷಗಳಲ್ಲಿ ಈ ವಿಳಾಸದಿಂದ ಎಲ್ಲೆಲ್ಲಿ ಖಾತೆ ತೆರೆದಿದ್ದೀರಿ ಎಂಬುದು ಹೊರಬರುತ್ತದೆ. ಒಂದೊಂದನ್ನೂ ತೆರೆದು ಅಲ್ಲಿ ಯಾರ ಫೋನ್ ಸಂಖ್ಯೆ ಇದೆ ಎಂದು ನೋಡಿ.

ಇದನ್ನೆಲ್ಲ ಅವರ ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ಮರಳಿ ಪಡೆಯುವ ಸಂಖ್ಯೆಯನ್ನು ಬದಲಿಸಿದ ಮೇಲೂ 7 ದಿನಗಳವರೆಗೆ ಗೂಗಲ್ ಹಳೆಯ ಸಂಖ್ಯೆಗೆ ಪರಿಶೀಲನಾ ಸಂದೇಶ ಕಳಿಸಬಹುದು. ಆ ಏಳು ದಿನಗಳು ಅವರು ಇನ್ನೂ ನಿಮ್ಮ ಜೊತೆ ಕೆಲಸ ಮಾಡುತ್ತಿರುವಾಗಲೇ ಕಳೆದುಹೋಗಲಿ.