ಮೂವರಿಗೂ ಮನೆ ಇಲ್ಲ ಅಂದರು, ಆದರೆ ಕಾನೂನು ಒಂದೇ ಅಲ್ಲ

ಹಾಸನದಲ್ಲಿ ನಿಮ್ಮ ದಲಿತ, ಮುಸ್ಲಿಂ, ಟ್ರಾನ್ಸ್‌ಜೆಂಡರ್ ಗೆಳೆಯರು ಮೂವರಿಗೂ ಬಾಡಿಗೆ ಮನೆ ಕೊಡಲಿಲ್ಲ, ಯಾರಿಗೆ ಹೆಚ್ಚು ಅನ್ಯಾಯ ಅಂತ ಕೇಳಿದ್ದೀರಿ. ನೋವನ್ನು ತೂಗಲು ಹೋಗಬೇಡಿ. ಯಾರ ಬೆನ್ನಿಗೆ ಯಾವ ಕಾನೂನಿದೆ ಅನ್ನುವುದನ್ನು ಮಾತ್ರ ಹೋಲಿಸಬಹುದು.

ದಲಿತ ಗೆಳೆಯರಿಗೆ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಿದೆ. ಅಸ್ಪೃಶ್ಯತೆಯ ಕಾರಣಕ್ಕೆ ವಾಸದ ಮನೆ ತಪ್ಪಿಸುವುದು 4ನೇ ಕಲಮಿನಡಿ ಅಪರಾಧ. 12ನೇ ಕಲಂ ಇನ್ನೂ ಮುಖ್ಯ: ನೊಂದವರು ಪರಿಶಿಷ್ಟ ಜಾತಿಯವರಾದರೆ, ಕಾರಣ ಅಸ್ಪೃಶ್ಯತೆಯೇ ಎಂದು ಕೋರ್ಟು ಮೊದಲು ಭಾವಿಸುತ್ತದೆ, ಅಲ್ಲವೆಂದು ಎದುರಿನವರೇ ತೋರಿಸಬೇಕು. ಜಾತಿ ಹಿಡಿದು ಬೈದಿದ್ದರೆ 1989ರ ದೌರ್ಜನ್ಯ ತಡೆ ಕಾಯ್ದೆ ಬರುತ್ತದೆ. ಆದರೆ ಬೈಗುಳ ಸಾರ್ವಜನಿಕರಿಗೆ ಕಾಣುವ ಜಾಗದಲ್ಲಿ ಆಗಿರಬೇಕು. ಬಾಗಿಲು ಹಾಕಿದ ಮನೆಯೊಳಗೆ ಇಬ್ಬರೇ ಇದ್ದಾಗ ಅಂದದ್ದು ಸಾಮಾನ್ಯವಾಗಿ ನಿಲ್ಲುವುದಿಲ್ಲ, ಕೇಸು ಬಿದ್ದುಹೋಗುವುದು ಹೆಚ್ಚಾಗಿ ಇಲ್ಲೇ. ಕ್ರೈಸ್ತರಾಗಿ ಮತಾಂತರವಾದ ದಲಿತರಿಗೆ 1950ರ ಪರಿಶಿಷ್ಟ ಜಾತಿಗಳ ಆದೇಶದಂತೆ ಪರಿಶಿಷ್ಟ ಜಾತಿಯ ಸ್ಥಾನವೇ ಇಲ್ಲ.

ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ 2019ರ ಕಾಯ್ದೆಯ 3ನೇ ಕಲಂ ಬಾಡಿಗೆಯಲ್ಲಿ ತಾರತಮ್ಯ ನಿಷೇಧಿಸುತ್ತದೆ, ಆದರೆ ಶಿಕ್ಷೆ ಹೇಳುವ 18ನೇ ಕಲಮಿನಲ್ಲಿ ಬಾಡಿಗೆಯ ಮಾತಿಲ್ಲ. ಮುಸ್ಲಿಂ ಗೆಳೆಯರ ಸ್ಥಿತಿ ಇನ್ನೂ ಬರಿಗೈ. ಸಂವಿಧಾನದ 15(2) ಅಂಗಡಿ, ಹೋಟೆಲು, ಬಾವಿ, ರಸ್ತೆಗಳಿಗಿದೆ, ಖಾಸಗಿ ಬಾಡಿಗೆ ಮನೆಯ ಹೆಸರು ಅದರಲ್ಲಿಲ್ಲ. ಇದು ನಿಜಕ್ಕೂ ದೊಡ್ಡ ಕೊರತೆ.

ಯಾರೂ ಜಾತಿ ಧರ್ಮ ಬಾಯಿಬಿಟ್ಟು ಹೇಳುವುದಿಲ್ಲ, 'ಮನೆ ಆಗಿಹೋಯ್ತು' ಅನ್ನುತ್ತಾರೆ. ಅದಕ್ಕೇ ಟು-ಲೆಟ್ ಬೋರ್ಡಿನ ಫೋಟೋ, ವಾಟ್ಸಾಪ್ ಸಂದೇಶ, ದಿನಾಂಕ ಇಟ್ಟುಕೊಳ್ಳಿ. ಮಾರನೇ ದಿನ ಬೇರೆ ಹೆಸರಿನವರಿಂದ ಅದೇ ನಂಬರಿಗೆ ಫೋನ್ ಮಾಡಿಸಿ, ಮನೆ ಖಾಲಿ ಇದೆಯಾ ಅಂತ ಕೇಳಿಸಿ. ದಲಿತ ಗೆಳೆಯರು ದೌರ್ಜನ್ಯ ತಡೆಯ ಸಹಾಯವಾಣಿ 14566ಕ್ಕೂ ಕರೆ ಮಾಡಬಹುದು.